ಮುಯ್ಯಿಗೆ ಕೊಟ್ಟ ತೋಳು

ನಮ್ಮ ಬೀದರ್ ಸೀಮೆಯ ಗಂಡಸರಿಗೆ ಕಾಯಿಲೆ ಬರುವುದಿಲ್ಲ. ತಲೆ ಸುತ್ತಿದರೆ ಅದು ಬಿಸಿಲು. ಮೋಡ ಕವಿದ ದಿನ ಸುತ್ತಿದರೆ ಪಿತ್ತ. ಪಿತ್ತವೂ ಅಲ್ಲ ಅಂತಾದರೆ ನಿನ್ನೆ ಯಾರದೋ ಮದುವೆಯಲ್ಲಿ ಉಂಡದ್ದು. ಇಪ್ಪತ್ತೈದು ವರ್ಷ ನರ್ಸ್ ಆಗಿದ್ದ ನನಗೆ ಇದನ್ನೇ ಕೇಳಿ ಕೇಳಿ ಸಾಕಾಗಿಹೋಗಿತ್ತು. ಹೆಂಡತಿಯ ಬಸಿರಿಗೆ, ಮಗುವಿನ ಜ್ವರಕ್ಕೆ, ಕಡೆಗೆ ಎಮ್ಮೆಯ ಕೆಚ್ಚಲು ಬಾತರೂ ಓಡಿ ಬಂದು ಕೇಳುವ ಮನುಷ್ಯ, ತನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತೇನೆ ಅಂದರೆ ಸಾಕು, ಹೊಲದಲ್ಲಿ ಕೆಲಸ ಬಿದ್ದಿದೆ ಎಂದು ಎದ್ದುಬಿಡುತ್ತಿದ್ದ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಷ್ಟೋ ಸಲ ಹೋಗುವವರ ಬೆನ್ನಿಗೇ ಬೈದಿದ್ದೇನೆ.

ಹಳ್ಳಿಯ ಗಂಡಸರು ಮತ್ತು ಹುಡುಗರ ಆರೋಗ್ಯಕ್ಕೆಂದೇ ಒಂದು ಸಣ್ಣ ಸಂಸ್ಥೆ ಬೀದರಿನಲ್ಲಿ ಕೆಲಸ ಶುರು ಮಾಡಿದಾಗ ನಾನು ಆಸ್ಪತ್ರೆಯ ನೌಕರಿ ಬಿಟ್ಟು ಅದಕ್ಕೆ ಸೇರಿಕೊಂಡೆ. ಮೈಲೂರಿನ ನಮ್ಮ ಮನೆಯಿಂದ ಆಫೀಸಿಗೆ ನಡೆದೇ ಹೋಗಬಹುದಿತ್ತು. ಊರೂರು ತಿರುಗುವವರು ಇಬ್ಬರೇ. ನಾನು, ಮತ್ತು ಜೀಪು ಓಡಿಸುತ್ತ, ರಿಜಿಸ್ಟರ್ ಬರೆಯುತ್ತ, ಸಿಕ್ಕಸಿಕ್ಕವರನ್ನು ನಗಿಸುತ್ತ ಬರುವ ಒಬ್ಬ ಭಾಯಿ. ಆತ ಬೀದರಿನ ಹಳೇ ಊರಿನವನು, ಮನೆಮಾತು ದಖನಿ. ನನ್ನನ್ನು ಅಕ್ಕನೆಂದು ತಿಳಿದು ಆಪಾ ಅನ್ನುತ್ತಿದ್ದ. ನಾನು ಅವನನ್ನು ಭಾಯಿ ಅನ್ನುತ್ತಿದ್ದೆ, ಸಿಟ್ಟು ಬಂದಾಗ ಮಾತ್ರ ಸಾಹೇಬ್ರೇ ಅನ್ನುತ್ತಿದ್ದೆ. ವಾರದಲ್ಲಿ ನಾಲ್ಕು ದಿನ ಅವನು ಸಾಹೇಬನೇ ಆಗಿರುತ್ತಿದ್ದ.

ಆಸ್ಪತ್ರೆಯ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಜನಸೇವೆ ಅಂತ ಹೇಳುತ್ತಿದ್ದೆ. ಅದು ಬರೀ ಸುಳ್ಳು. ನನಗೆ ನನ್ನ ಅಣ್ಣನ ತೋಳು ಬೇಕಿತ್ತು. ನನ್ನ ತವರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆ. ನಾನು ನರ್ಸಿಂಗ್ ಕಲಿಯುತ್ತಿದ್ದಾಗ ಒಂದು ಮುಂಜಾನೆ ಅಪ್ಪ ಕುರಿದೊಡ್ಡಿಯ ಬಾಗಿಲು ತೆಗೆಯುತ್ತಲೇ ಲಕ್ವಾ ಹೊಡೆದು ಬಿದ್ದ, ಮೂರನೇ ದಿನ ಹೋದ. ಅವನ ಬಿಪಿ ಎಷ್ಟಿತ್ತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಯಾರೂ ಒಂದು ದಿನ ನೋಡಿರಲೇ ಇಲ್ಲ. ಈಗ ಅಣ್ಣನಿಗೂ ಹಾಗೇ ಹಿಂದಲೆಯಲ್ಲಿ ನೋವು. ಟವೆಲ್ಲನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಹಬ್ಬಕ್ಕೆ ಹೋದಾಗಲೆಲ್ಲ ನಾನು ಬಿಪಿ ಮಿಷನ್ ತೆಗೆಯುತ್ತಿದ್ದೆ, ಅವನು ಚಪ್ಪಲಿ ಮೆಟ್ಟುತ್ತಿದ್ದ.

"ನಿನ್ನ ಮಿಷನ್ ಊರ ಮಂದಿಗಿ ಇರಲಿ," ಅನ್ನುತ್ತಿದ್ದ. "ನನ್ನ ಕೈಗೇನು ಆಗ್ಯದ?"

ಊರೂರಿನ ಗಂಡಸರು ತೋಳು ಚಾಚುವುದನ್ನು ಕಲಿತರೆ ಒಂದಲ್ಲ ಒಂದು ದಿನ ಇವನೂ ಚಾಚಿಯಾನು ಎಂಬುದು ನನ್ನ ಲೆಕ್ಕ. ಇದನ್ನು ಸಂಸ್ಥೆಯವರಿಗೆ ಮಾತ್ರ ಹೇಳಿರಲಿಲ್ಲ.

ನಮ್ಮ ಮೊದಲ ಶಿಬಿರ ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಂಗನವಾಡಿ ಮುಂದೆ ಶಾಮಿಯಾನ ಹಾಕಿಸಿ, ಕುರ್ಚಿ ಸಾಲಾಗಿ ಇಟ್ಟು, ದೊಡ್ಡ ಕೆಟಲಿನಲ್ಲಿ ಚಹಾ ತುಂಬಿಸಿ ಕೂತೆವು. ಭಾಯಿ ಜೀಪಿಗೆ ಮೈಕು ಕಟ್ಟಿ, "ಗಂಡಸರ ಆರೋಗ್ಯ ತಪಾಸಣಾ! ಗಂಡಸರು ಮಾತ್ರ ಬರ್ರಿ!" ಎಂದು ಓಣಿ ಓಣಿ ಕೂಗಿ ಬಂದ. ಮಧ್ಯಾಹ್ನದವರೆಗೆ ಬಂದವನು ಒಬ್ಬನೇ. ಅವನೂ ಯಾರ ಮದುವೆ ಎಂದು ಕೇಳಿ, ಚಹಾ ಕುಡಿದು ಹೋದ.

ನೀರಿಗೆ ಬಂದ ಒಬ್ಬ ಹೆಂಗಸು ಕೊಡ ಇಳಿಸಿ, ಸೆರಗು ಬಾಯಿಗೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅಕ್ಕೋರ, ಹಂಗ ಗಂಡಸರು ಮಾತ್ರ ಅಂತ ಕೂಗಿದ್ರ ಯಾರ ಬರ್ತಾರ್ರಿ? ಇಲ್ಲಿಗಿ ಬಂದಾಂವಗ ಅದೇ ತ್ರಾಸ ಅದ ಅಂತ ನಾಳಿಗಿ ಊರೆಲ್ಲ ಆಡ್ತದ."

ಯಾವ ತ್ರಾಸ ಎಂದು ನಾನು ಕೇಳಲಿಲ್ಲ. ಅವಳ ಕಣ್ಣೇ ಹೇಳುತ್ತಿತ್ತು. ಭಾಯಿ ಮೈಕಿನ ವೈರು ಸುತ್ತುತ್ತ ಆಕಾಶ ನೋಡತೊಡಗಿದ. ಆಮೇಲೆ ಅವಳೇ ಒಂದು ದಾರಿ ತೋರಿಸಿದಳು. "ಗಂಡಸರು ಬೇಕಂದ್ರ ಬೇಸ್ತವಾರ ಹಳ್ಳದ ದಂಡಿಗಿ ಬರ್ರಿ. ಕುರಿ ಉಣ್ಣಿ ಕತ್ರಸೋದದ. ಒಬ್ಬನೂ ಮನ್ಯಾಗ ಇರಂಗಿಲ್ಲ."

ಕುರಿ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಮ್ಮ ಕಡೆ ಶಿವರಾತ್ರಿಯ ಸುಮಾರಿಗೆ ಕುರಿಗಳನ್ನು ಹಳ್ಳದಲ್ಲಿ ತೊಳೆದು ಉಣ್ಣೆ ಕತ್ತರಿಸುತ್ತಾರೆ. ಕೂಲಿ ಕೊಟ್ಟು ಮಾಡಿಸುವ ಕೆಲಸ ಅಲ್ಲ ಅದು, ಮುಯ್ಯಿ. ಇವತ್ತು ನೀನು ನನ್ನ ಕುರಿಗೆ ಕತ್ತರಿ ಹಿಡಿದರೆ ನಾಳೆ ನಾನು ನಿನ್ನ ಕುರಿಗೆ ಹಿಡಿಯಬೇಕು. ಮೈಯಲ್ಲಿ ಹುಷಾರಿಲ್ಲ, ಬೀಗರು ಬಂದಿದ್ದಾರೆ, ಯಾವ ಸಬೂಬೂ ನಡೆಯುವುದಿಲ್ಲ. ಮುಯ್ಯಿ ತಪ್ಪಿಸಿದವನನ್ನು ಮುಂದೆ ಯಾವ ಕೆಲಸಕ್ಕೂ ಯಾರೂ ಕರೆಯುವುದಿಲ್ಲ.

ಬೇಸ್ತವಾರ ಹೋದಾಗ ಹಳ್ಳದ ದಂಡೆ ತುಂಬ ಗಂಡಸರು. ಒದ್ದೆ ಕುರಿಗಳ ವಾಸನೆ, ಕತ್ತರಿಗಳ ಕಚಕಚ, ತಾಯಿ ತಪ್ಪಿಸಿಕೊಂಡ ಮರಿಗಳ ಕೂಗು. ನನಗೆ ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ಹಾಗೆ ಖುಷಿಯಾಯಿತು. ನಾವು ಬೇವಿನ ಮರದ ಕೆಳಗೆ ಒಂದೇ ಒಂದು ಕುರ್ಚಿ ಹಾಕಿದೆವು, ಮೈಕು ಜೀಪಿನಲ್ಲೇ ಇತ್ತು. ಎಲ್ಲರಿಗಿಂತ ಹಿರಿಯನಾದ ಮುತ್ಯಾ ಒಬ್ಬ ಕತ್ತರಿ ಕೆಳಗಿಟ್ಟು ಬಂದು ನನ್ನ ತವರು ಯಾವುದು, ಅಪ್ಪ ಯಾರು, ಅಪ್ಪನ ಸೋದರಮಾವ ಯಾರು ಎಂದು ವಿಚಾರಿಸಿದ. ಹತ್ತು ಮಾತಿನೊಳಗೆ ಅವನ ತಂಗಿಯ ಬೀಗರು ನಮಗೂ ಬೀಗರು ಎಂದು ಹೊರಬಿತ್ತು.

"ಹಂಗಾದ್ರ ನೀ ನಮ್ಮ ಮಗಳೇ ಆದಿ. ಸುತ್ತು ಯವ್ವಾ ನಿನ್ನ ಪಟ್ಟಿ," ಎಂದು ಕುರ್ಚಿಯ ಮೇಲೆ ಕೂತ.

ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಕುರಿ ಹಿಡಿದು ಕೆಡವುತ್ತಿದ್ದ ಮನುಷ್ಯನ ಎದೆ ಡಬಡಬ ಹೊಡೆದುಕೊಳ್ಳುತ್ತಿರುತ್ತದೆ, ಆಗ ನೋಡಿದರೆ ಪ್ರಯೋಜನ ಇಲ್ಲ. ಆದರೆ ನಮ್ಮ ಗಂಡಸರನ್ನು ಐದು ನಿಮಿಷ ಸುಮ್ಮನೆ ಕೂರಿಸುವುದು ಯಾರಪ್ಪನಿಂದಲೂ ಆಗದ ಕೆಲಸ. ಒಬ್ಬ ಅತ್ತ ಕೂಗಿ ಬೈಯುತ್ತಾನೆ, ಇನ್ನೊಬ್ಬ ಎದ್ದು ಟಗರಿನ ಕೊಂಬು ಹಿಡಿಯುತ್ತಾನೆ. ಮುತ್ಯಾನೇ ಉಪಾಯ ಹುಡುಕಿದ. ಕೂತವನ ತೊಡೆಯ ಮೇಲೆ ಒಂದು ಎಳೇ ಮರಿ ಇಟ್ಟ. ಮರಿ ಮಲಗಿತು, ಮನುಷ್ಯ ಅಲುಗಾಡಲಿಲ್ಲ. ದೊಡ್ಡ ದೊಡ್ಡ ಮೀಸೆಯವರೆಲ್ಲ ಬೇವಿನ ನೆರಳಲ್ಲಿ ಸಾಲಾಗಿ ಮರಿ ಮಲಗಿಸಿಕೊಂಡು, ಉಸಿರು ಜೋರಾಗಿ ಬಿಟ್ಟರೂ ಎದ್ದೀತೆಂದು ಸುಮ್ಮನೆ ಕೂತರು. ಅಷ್ಟು ಚಂದದ ಸಾಲನ್ನು ನಾನು ಯಾವ ಆಸ್ಪತ್ರೆಯಲ್ಲೂ ನೋಡಿಲ್ಲ.

ಬಿಪಿ ಹೆಚ್ಚು ಬಂದವರನ್ನು ಅರ್ಧ ತಾಸಿನ ಮೇಲೆ ಮತ್ತೊಮ್ಮೆ ನೋಡಬೇಕಿತ್ತು. ಭಾಯಿ ಹೆಸರು ಬರೆದುಕೊಳ್ಳುತ್ತಿದ್ದ. ಆದರೆ ಎಲ್ಲರೂ ಒಂದೇ ತರಹದ ಬಿಳಿ ಅಂಗಿ, ಒಂದೇ ತರಹದ ರುಮಾಲು, ಅರ್ಧ ಊರಿಗೆ ಒಂದೇ ಹೆಸರು. ಯಾರು ಯಾರೆಂದು ಗುರುತು ಉಳಿಯಲಿ ಎಂದು ಅವನು ಕುರಿಗೆ ಗುರುತು ಹಾಕಲು ಅಲ್ಲೇ ಇಟ್ಟಿದ್ದ ಕೆಂಪು ಬಣ್ಣದ ಡಬ್ಬಿಯಲ್ಲಿ ಬೆರಳದ್ದಿ, ಹೆಚ್ಚು ಬಂದವರ ಅಂಗಿಯ ಬೆನ್ನಿನ ಮೇಲೆ ಒಂದೊಂದು ಗೆರೆ ಎಳೆದ. ನಾನು ಇನ್ನೊಬ್ಬನ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ, ನೋಡಲಿಲ್ಲ.

ಇದ್ದಕ್ಕಿದ್ದಂತೆ ಕತ್ತರಿಗಳ ಸದ್ದು ನಿಂತಿತು. ತಿರುಗಿ ನೋಡಿದರೆ ಎಲ್ಲರೂ ಕೆಲಸ ಬಿಟ್ಟು ನಿಂತಿದ್ದಾರೆ, ಮಧ್ಯದಲ್ಲಿ ಐದಾರು ಜನ ಕೆಂಪು ಬೆನ್ನಿನವರು. ಕುರಿ ಕೊಳ್ಳಲು ಬರುವ ದಲಾಲಿ ಬೆನ್ನು ಮುಟ್ಟಿ ನೋಡಿ, ಒಪ್ಪಿಗೆಯಾದ ಕುರಿಗೆ ಕೆಂಪು ಗೆರೆ ಎಳೆಯುತ್ತಾನೆ. ಕೆಂಪು ಬಿದ್ದ ಕುರಿ ಮರುದಿನ ಕಟುಕರ ಲಾರಿ ಹತ್ತುತ್ತದೆ. ಇದು ಆ ಊರಿನ ಹಾಲುಗೂಸಿಗೂ ಗೊತ್ತು. ಬೀದರಿನ ಓಣಿಯಲ್ಲಿ ಬೆಳೆದ ಭಾಯಿಗೆ ಗೊತ್ತಿಲ್ಲ.

ಭಾರಿ ಮೀಸೆಯ ಒಬ್ಬ ಅಂಗಿ ಕಳಚಿ, ಗೆರೆ ನೋಡಿ, ನಿಂತಲ್ಲೇ ಕುಸಿದು ಕೂತ. "ಅಕ್ಕೋರ, ಖರೇ ಹೇಳ್ರಿ. ನಾ ಲಾರಿ ಹತ್ತೋನೇ ಏನ್ರಿ?"

ಇನ್ನೊಬ್ಬ ಆಗಲೇ ಊರ ಕಡೆ ಓಡಿದ್ದ. ಸ್ವಲ್ಪ ಹೊತ್ತಿನಲ್ಲಿ ಅವನ ಹೆಂಡತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬೊಬ್ಬೆ ಹಾಕುತ್ತ ಅವನನ್ನು ಎಳೆದುಕೊಂಡು ಬಂದಳು. ನಾನು, "ಸಾಹೇಬ್ರೇ!" ಎಂದು ಕಿರುಚಿದೆ.

"ಆಪಾ, ಮಾಲೂಮ್ ನೈಂ ಥಾ," ಎಂದ ಭಾಯಿ, ಕೆಂಪು ಬೆರಳನ್ನು ಬೆನ್ನ ಹಿಂದೆ ಮುಚ್ಚಿಕೊಂಡು. "ಡಬ್ಬಿ ಅಲ್ಲೇ ಇತ್ತು, ಹಚ್ಚಿದೆ. ನನಗೇನ್ ಗೊತ್ತು ಇದು ಕಸಾಯಿ ಕಲರ್ ಅಂತ?"

ಅಷ್ಟರಲ್ಲಿ ಮುತ್ಯಾ ನಗಲು ಶುರು ಮಾಡಿದ. ಅವನ ಬೆನ್ನಿನ ಮೇಲೂ ಕೆಂಪು ಗೆರೆ ಇತ್ತು. ನಗುತ್ತಲೇ ಎದ್ದು ಹೋಗಿ ನೀಲಿ ಬಣ್ಣದ ಡಬ್ಬಿ ತಂದು, ಆ ಮೀಸೆಯವನ ಕೆಂಪು ಗೆರೆಯ ಮೇಲೆ ದಪ್ಪಗೆ ನೀಲಿ ಬಳಿದ. ಆಮೇಲೆ ತನ್ನ ಬೆನ್ನು ತಿರುಗಿಸಿ ನನ್ನಿಂದ ಬಳಿಸಿಕೊಂಡ. ಉಳಿದ ಕೆಂಪು ಬೆನ್ನುಗಳಿಗೂ ನೀಲಿ ಬಿತ್ತು.

"ನೀಲಿ ಅಂದ್ರ ಗಬ್ಬದ ಕುರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅದಕ್ಕ ಓಡಸಬಾರದು, ಹೊಡಿಬಾರದು, ಮ್ಯಾಲಿಂದ ಮ್ಯಾಲ ಮೈ ಮುಟ್ಟಿ ನೋಡ್ಬೇಕು. ಅಕ್ಕೋರು ಹೇಳೋದೂ ಅಷ್ಟೇ. ಹೌದಿಲ್ಲೋ ಯವ್ವಾ?"

ನಾನು ಹೌದೆಂದೆ. ಬಿಪಿ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಅಷ್ಟು ಸರಳವಾಗಿ ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಓಡಿ ಬಂದ ಹೆಂಡತಿ ಗಂಡನ ನೀಲಿ ಬೆನ್ನು ನೋಡಿದಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಜೋರಾಗಿ ಕೇಳಿದಳು, "ಈಗ ಎಷ್ಟು ತಿಂಗಳ್ರಿ ಇವರಿಗಿ?" ಹಳ್ಳದ ದಂಡೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆ ದಿನದಿಂದ ಆ ಊರಿನಲ್ಲಿ ಬಿಪಿ ಇದ್ದವರಿಗೆ ಗಬ್ಬದವರು ಎಂದೇ ಹೆಸರಾಯಿತು, ಮತ್ತು ಆ ಹೆಸರಿನಿಂದ ಕರೆಸಿಕೊಳ್ಳಲು ಯಾವ ಗಂಡಸೂ ನಾಚಿಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ನಾನು ನನ್ನ ಚಿಂತೆ ಹೇಳಿದೆ. ಮಾತ್ರೆ ಔರಾದಿನ ದವಾಖಾನೆಯಲ್ಲಿ ಸಿಗುತ್ತದೆ, ಆದರೆ ವಾರ ವಾರ ಇವರ ಬಿಪಿ ನೋಡುವವರು ಯಾರು? ನಾನು ತಿಂಗಳಿಗೊಮ್ಮೆ ಬರಬಲ್ಲೆ ಅಷ್ಟೇ. ಮುತ್ಯಾ ರೊಟ್ಟಿ ಮುರಿಯುತ್ತ ಯೋಚಿಸಿದ.

"ಗಂಡಸ ತನ್ನ ಸಲುವಾಗಿ ಎಲ್ಲಿಗೂ ಹೋಗಂಗಿಲ್ಲ ಯವ್ವಾ. ಮುಯ್ಯಿ ಅಂದ್ರ ಮಾತ್ರ ಹೋಗ್ತಾನ. ಮಿಷನ್ ಇಲ್ಲೇ ಇಟ್ಟು ಹೋಗು. ಇವನ ತೋಳು ನಾ ನೋಡ್ತೇನಿ, ನನ್ನ ತೋಳು ಇವ ನೋಡ್ಲಿ."

ಬಟನ್ ಒತ್ತಿದರೆ ತಾನೇ ಅಂಕಿ ತೋರಿಸುವ ಮಿಷನ್ ಅದು. ಯಾವ ಅಂಕಿ ದಾಟಿದರೆ ನನಗೆ ಫೋನು ಮಾಡಬೇಕು ಎಂದು ಹೇಳಿಕೊಟ್ಟು ಬಿಟ್ಟು ಬಂದೆ. ಒಂದು ತಿಂಗಳ ಮೇಲೆ ಹೋದರೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮೀಸೆಯವನು ಮಿಷನ್ನಿನ ಚೀಲ ಹೆಗಲಿಗೆ ಹಾಕಿಕೊಂಡು ತೊಗರಿ ಕೊಯ್ದ ಹೊಲದ ಬದುವಿನ ಮೇಲೆ ಒಬ್ಬನ ಹಿಂದೆ ಓಡುತ್ತಿದ್ದ. "ಲೇ, ಹೋದ ವಾರ ನೀ ನಂದು ನೋಡೀದಿ. ನಿನ್ನ ಮುಯ್ಯಿ ನನ್ನ ಮ್ಯಾಲ ಅದ. ಕೂಡು, ತೋಳು ಚಾಚು!" ಎಂದು ಕೂಗುತ್ತಿದ್ದ. ಓಡುತ್ತಿದ್ದವನು ನಿಂತ, ಬದುವಿನ ಮೇಲೆ ಕೂತ, ತೋಳು ಚಾಚಿದ. ಜೀಪಿನಲ್ಲಿ ಭಾಯಿ ಚಪ್ಪಾಳೆ ತಟ್ಟಿದ. ನನಗೆ ಮಾತ್ರ ಅಷ್ಟು ಸಂತೋಷದಲ್ಲೂ ಹೊಟ್ಟೆ ಉರಿಯಿತು. ಯಾರದೋ ಊರಿನ ಗಂಡಸರು ಇಷ್ಟು ಮಾಡುತ್ತಾರೆ, ನನ್ನ ಒಡಹುಟ್ಟಿದವನು ಮಾಡುವುದಿಲ್ಲವಲ್ಲ ಎಂದು.

ಅಂದು ಮುತ್ಯಾನ ಮುಂದೆ ಎಲ್ಲ ಹೇಳಿಬಿಟ್ಟೆ. ಅಪ್ಪ ಬಿದ್ದದ್ದು, ಅಣ್ಣನ ತಲೆನೋವು, ನಾನು ಮಿಷನ್ ತೆಗೆದರೆ ಅವನು ಎದ್ದು ಹೋಗುವುದು. ಹೇಳುತ್ತ ಅಳು ಬಂತು, ನನ್ನ ಮೇಲೇ ಸಿಟ್ಟೂ ಬಂತು. ಮುತ್ಯಾ ಸಮಾಧಾನ ಮಾಡಲು ಹೋಗಲಿಲ್ಲ.

"ನಿಮ್ಮಣ್ಣನ ಕುರಿ ಕತ್ರಸ್ಯಾರೇನು?" ಎಂದು ಕೇಳಿದ.

ಕತ್ತರಿಸಿರಲಿಲ್ಲ. ಉಣ್ಣೆಗೆ ಈಗ ಬೆಲೆಯಿಲ್ಲವೆಂದು ನಮ್ಮೂರಿನಲ್ಲಿ ಕತ್ತರಿ ಹಿಡಿಯುವವರೇ ಕಡಿಮೆಯಾಗಿದ್ದರು. ಪ್ರತಿವರ್ಷ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಇಬ್ಬರೇ ದಿನಕ್ಕೆ ಐದಾರರಂತೆ ಕತ್ತರಿಸುತ್ತ ಬಿಸಿಲಿನಲ್ಲಿ ಒದ್ದಾಡುತ್ತಿದ್ದರು.

"ಹಂಗಾದ್ರ ಐತವಾರ ನಾವು ಐದು ಮಂದಿ ಬರ್ತೇವಿ," ಎಂದ ಮುತ್ಯಾ. "ಅವರಿಗಿ ಏನೂ ಹೇಳಬ್ಯಾಡ. ಬೀಗರ ಕಡಿ ಮಂದಿ ಮುಯ್ಯಿಗಿ ಬರ್ಲತ್ತಾರ ಅಂತ ಹೇಳು ಸಾಕು."

ಭಾನುವಾರ ಅವರು ಔರಾದಿನಿಂದ ಬಸ್ಸಿನಲ್ಲಿ ಭಾಲ್ಕಿಗೆ ಬಂದು ಇಳಿದರು. ಕತ್ತರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡಿದ್ದರು. ನಾನೂ ಭಾಯಿಯೂ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದು ಅವರನ್ನು ಜೀಪಿಗೆ ಹತ್ತಿಸಿಕೊಂಡೆವು. ನಮ್ಮೂರಿನ ದೊಡ್ಡಿಯ ಮುಂದೆ ಇಳಿದಾಗ ಅಣ್ಣನ ಮುಖ ನೋಡಬೇಕಿತ್ತು. ಐದು ಜನ, ಐದು ಕತ್ತರಿ, ಕರೆಯದೇ ಬಂದ ಮುಯ್ಯಿ! ಅವನು ಮುತ್ಯಾನ ಕಾಲು ಮುಟ್ಟಿದ. ವೈನಿ ಒಲೆ ಹಚ್ಚಿದಳು. ಸಂಜೆ ನಾಲ್ಕರ ಹೊತ್ತಿಗೆ ಒಂದೂ ಬಿಡದೆ ಎಲ್ಲ ಕುರಿಗಳೂ ಬೋಳಾಗಿ, ತೆಳ್ಳಗಾಗಿ, ಒಂದನ್ನೊಂದು ಗುರುತು ಹಿಡಿಯದೆ ದೊಡ್ಡಿಯಲ್ಲಿ ನಿಂತಿದ್ದವು. ಅಣ್ಣ ಇಡೀ ದಿನ ನಗುತ್ತಲೇ ಇದ್ದ. ಅವನು ನಕ್ಕಷ್ಟೂ ನನಗೆ ಕಳ್ಳಿಯ ಹಾಗೆ ಅನಿಸುತ್ತಿತ್ತು.

ಚಹಾ ಕುಡಿದ ಮೇಲೆ ಅಣ್ಣ ಕೇಳಿದ, "ಮುತ್ಯಾ, ನಾ ಯಾವಾಗ ಬರ್ಲಿ ನಿಮ್ಮೂರಿಗಿ? ಮುಯ್ಯಿ ತೀರಸಬೇಕಲ್ಲ."

"ನಮ್ಮ ಕುರಿ ಎಲ್ಲ ಶಿವರಾತ್ರಿಗೇ ಕತ್ರಸೇವಪ್ಪಾ. ನೀ ಬರೋದೇನೂ ಬ್ಯಾಡ. ಇಲ್ಲೇ ಕೂಡು. ನಮ್ಮ ಮುಯ್ಯಿಗಿ ನಿನ್ನ ಬಲಗಡಿ ತೋಳು ಕೊಡು."

ಮೀಸೆಯವನು ಚೀಲದಿಂದ ಮಿಷನ್ ತೆಗೆದ. ಅಣ್ಣ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಗು ಹೋಗಿ ಮುಖ ಕೆಂಪಾಯಿತು.

"ಇದೆಲ್ಲ ನಿಂದೇ ಆಟ."

"ಹೌದು, ನಂದೇ," ಎಂದೆ. ಸುಳ್ಳು ಹೇಳುವ ಧೈರ್ಯ ಇರಲಿಲ್ಲ.

"ನೂರು ಕುರಿ ಕತ್ರಸಂದ್ರ ಕತ್ರಸ್ತೇನಿ. ಇದು ಆಗಂಗಿಲ್ಲ." ಅಣ್ಣ ಎದ್ದು ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, ಮುತ್ಯಾನಿಗೆ ಮಾತ್ರ ಎಂಬಂತೆ ಹೇಳಿದ, "ನಂಬರ ಗೊತ್ತಾದ್ರ ನಾ ಮುಗದಾಂಗ ಮುತ್ಯಾ. ನಮ್ಮಪ್ಪ ಬಿದ್ದದ್ದು ಈ ಕಣ್ಣಿಲೆ ನೋಡೇನಿ. ಗೊತ್ತಿಲ್ಲದಂಗೇ ಇರ್ತೇನಿ, ಬಿಟ್ಟುಬಿಡ್ರಿ."

ಇಷ್ಟು ವರ್ಷ ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ. ಅದು ಹೆದರಿಕೆ. ಅಪ್ಪ ಬಿದ್ದಾಗ ನಾನು ಬೀದರಿನ ಹಾಸ್ಟೆಲ್ಲಿನಲ್ಲಿದ್ದೆ, ಎತ್ತಿ ಕೂರಿಸಿದವನು ಅಣ್ಣ. ನನಗೆ ಯಾಕಾದರೂ ಈ ಆಟ ಹೂಡಿದೆನೋ ಅನಿಸಿತು. ಬೇಡ ಬಿಡಿ ಎಂದು ಬಾಯಿ ತೆರೆಯುವಷ್ಟರಲ್ಲಿ ಮುತ್ಯಾ ದೊಡ್ಡಿಯ ಮುಂದೆ ಕಂಬಳಿ ಹಾಸತೊಡಗಿದ.

"ಆತು. ನಾವು ಇಲ್ಲೇ ಇರ್ತೇವಿ. ಮುಯ್ಯಿ ತಗೊಳ್ಳಾರದ ಊರಿಗಿ ಹೋದ್ರ ನಮ್ಮ ಮಂದಿ ನಗ್ತಾರ. ನಾಳಿ ಕೊಡು, ನಾಡ್ದ ಕೊಡು, ನಮಗೇನು ಅವಸರಿಲ್ಲ."

ಐದೂ ಜನ ಕಂಬಳಿಯ ಮೇಲೆ ಕಾಲು ಚಾಚಿ ಕೂತರು. ಭಾಯಿಯೂ ಅವರ ಪಕ್ಕ ಜಾಗ ಮಾಡಿಕೊಂಡ. ಆಗ ಒಲೆಯ ಕಡೆಯಿಂದ ವೈನಿ ಬಂದಳು, ಎರಡೂ ಕೈ ಹಿಟ್ಟು.

"ಮುಂಜಾನಿಂದ ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದಾವ್ರಿ. ಇಷ್ಟೂ ಮಂದಿಗಿ ನಾಳಿ ನಾಡ್ದ ಅಂತ ರೊಟ್ಟಿ ಬಡಿಯೋಳು ಯಾರು? ನಿಮ್ಮ ತೋಳೇನು ಬಂಗಾರದ್ದೇನ್ರಿ? ಕೊಡ್ರಿ ಸುಮ್ನ!"

ಎಲ್ಲರೂ ನಕ್ಕರು. ಅಣ್ಣ ನಗದಿರಲು ಬಹಳ ಪ್ರಯತ್ನಪಟ್ಟ, ಆಗಲಿಲ್ಲ. ಕಂಬಳಿಯ ಅಂಚಿನಲ್ಲಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತೋಳು ಚಾಚಿದ. ನಾನು ಮುಟ್ಟಲಿಲ್ಲ. ಮುಯ್ಯಿ ಅವರದು. ಮೀಸೆಯವನು ಹದವಾಗಿ ಪಟ್ಟಿ ಸುತ್ತಿದ. ಐದು ನಿಮಿಷ ಕಾದ. ಆಮೇಲೆ ಬಟನ್ ಒತ್ತಿದ. ಮೇಲಿನ ಅಂಕಿ ಇನ್ನೂರರ ಹತ್ತಿರ ಹೋಗಿ ನಿಂತಿತು.

"ಎಷ್ಟು?" ಎಂದ ಅಣ್ಣ, ಕಣ್ಣು ಮುಚ್ಚಿಕೊಂಡೇ.

ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವನು ಮೆಲ್ಲಗೆ ಒಂದು ಕಣ್ಣು ತೆರೆದು ತನ್ನ ಕೈ ನೋಡಿಕೊಂಡ, ಕಾಲು ನೋಡಿಕೊಂಡ, ಬೋಳು ಕುರಿಗಳನ್ನು ನೋಡಿದ.

"ಮತ್ತ ನಾ ಇನ್ನೂ ಇದ್ದೇನಲ್ಲ?"

"ಇರದ ಏನು?" ಎಂದ ಮುತ್ಯಾ. "ನಂಬರ ಗೊತ್ತಾದ ಕೂಡ್ಲೆ ಸಾಯ್ತಾರಂದ್ರ ನಾ ಯಾವಾಗೋ ಹೋಗಿರ್ತಿದ್ದೆ. ನಡಿ, ಜೀಪ ಹತ್ತು."

ಅಂದೇ ಭಾಲ್ಕಿಯ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಗುಳಿಗೆ ಬರೆದು, ಉಪ್ಪಿನಕಾಯಿ ಮುಟ್ಟಬಾರದೆಂದು ಹೇಳಿ, ಸರಿಯಾದ ಹೊತ್ತಿಗೆ ಕರೆತಂದಿರಿ ಎಂದರು. ಹೋಗುವಾಗ ಬರುವಾಗ ಅಣ್ಣ ಭಾಯಿಯ ಪಕ್ಕದಲ್ಲಿ ಮುಂದೆ ಕೂತ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಆಡಲಿಲ್ಲ. ನಾನು ಫೋನು ಮಾಡಿದರೆ ವೈನಿ ಎತ್ತುತ್ತಿದ್ದಳು. "ಗುಳಗಿ ನುಂಗ್ಲತ್ತಾರ್ರಿ, ಒಂದಿನಾನೂ ತಪ್ಪಸಿಲ್ಲ," ಎಂದು ಪಿಸುಗುಡುತ್ತಿದ್ದಳು. "ನಿಮ್ಮ ಹೆಸರು ತೆಗದ್ರ ಮಾತ್ರ ಎದ್ದು ಹೋಗ್ತಾರ." ಮುತ್ಯಾನ ಕಡೆಯವರು ನಮ್ಮ ಸಂಸ್ಥೆಯಿಂದ ಇನ್ನೊಂದು ಮಿಷನ್ ಕೇಳಿ ಪಡೆದು ನಮ್ಮೂರಿಗೂ ಮುಯ್ಯಿ ಹಚ್ಚಿದ್ದರು. ಅಣ್ಣ ವಾರ ವಾರ ಯಾರದೋ ತೋಳು ನೋಡುತ್ತಿದ್ದ, ಯಾರೋ ಅವನದು ನೋಡುತ್ತಿದ್ದರು. ಅಂಕಿ ಇಳಿಯುತ್ತಿತ್ತು. ಫೋನು ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದದ್ದನ್ನು ನಮ್ಮ ಯಜಮಾನರು ನೋಡಿದ್ದಾರೆ. ಬೇಕಾದರೆ ಜನ್ಮವಿಡೀ ಮಾತು ಬಿಡಲಿ, ಗುಳಿಗೆ ಬಿಡದಿದ್ದರೆ ಸಾಕು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡರೂ ಪಂಚಮಿ ಹತ್ತಿರ ಬಂದ ಹಾಗೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ. ನಮ್ಮಲ್ಲಿ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ನನ್ನ ಮದುವೆಯಾದಂದಿನಿಂದ ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ.

ಹಬ್ಬದ ಹಿಂದಿನ ದಿನ ಮುಂಜಾನೆ ಎಂಟಕ್ಕೇ ಮೈಲೂರಿನ ನಮ್ಮ ಬಾಗಿಲಲ್ಲಿ ಅಣ್ಣ ನಿಂತಿದ್ದ. ಹಣೆಗೆ ಟವೆಲ್ ಇರಲಿಲ್ಲ. "ಗಡ್ಡ ಮಾಡ್ಕೋಬೇಕು, ಕನ್ನಡಿ ಎಲ್ಲದ?" ಎಂದ. ನಾನು ಕನ್ನಡಿ, ಬಿಸಿನೀರು ಕೊಟ್ಟೆ. ಅವನು ಕಿಟಕಿಯ ಹತ್ತಿರ ಕೂತು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡ, ಆಮೇಲೆ ಬ್ಲೇಡು ಹಿಡಿದುಕೊಂಡು ಬಹಳ ಹೊತ್ತು ಕನ್ನಡಿ ನೋಡುತ್ತ ಕೂತುಬಿಟ್ಟ.

"ಅಪ್ಪ ಹೋದಾಗ ಅವನ ವಯಸ್ಸೆಷ್ಟಿತ್ತು ಗೊತ್ತದೇನು ನಿನಗ?" ಎಂದ. "ಈ ಶ್ರಾವಣಕ್ಕ ನಾ ಅವನ್ನ ದಾಟೇನಿ."

ನಾನು ಒಲೆ ಸಣ್ಣದು ಮಾಡಿದೆ.

"ನಮ್ಮಪ್ಪ ಮುದುಕ ಆಗಿದ್ರ ಹ್ಯಾಂಗ ಕಾಣ್ತಿದ್ದ ಅಂತ ಯಾರಿಗೂ ಗೊತ್ತೇ ಇರಲಿಲ್ಲ ನೋಡು. ಈಗ ದಿನಾ ಮುಂಜಾನಿ ನೋಡ್ಲಾಕತ್ತೇನಿ. ಬಾ, ನೀನೂ ನೋಡು."

ನಾನು ಹೋಗಿ ಅವನ ಹಿಂದೆ ನಿಂತೆ. ಕನ್ನಡಿಯೊಳಗೆ ಅಪ್ಪ ಇದ್ದ. ತಲೆ ನರೆತಿತ್ತು, ಕಣ್ಣಿನ ಸುತ್ತ ಸುಕ್ಕು ಬಿದ್ದಿತ್ತು, ಮುಖದ ತುಂಬ ಸಾಬೂನಿನ ನೊರೆ ಹಚ್ಚಿಕೊಂಡು ನನ್ನನ್ನೇ ನೋಡಿ ನಗುತ್ತಿದ್ದ.